ಹುಳಕ್ಕೆ ಕರೆಸಿದ ಲಾರಿ

ರೇಡಿಯೋ ಕೇಳೋ ಲೈಸೆನ್ಸು ಊರಲ್ಲಿ ಸುಮಾರು ಜನಕ್ಕಿದೆ. ರೇಡಿಯೋದಲ್ಲಿ ಮಾತಾಡೋ ಲೈಸೆನ್ಸು ಶಿಡ್ಲಘಟ್ಟಕ್ಕೆಲ್ಲಾ ನನಗೊಬ್ಬನಿಗೇ. ಮೀಸೆ ಇನ್ನೂ ಬಂದಿಲ್ಲ, ಅದು ಬಂದುಬಿಟ್ಟಿದೆ. ತಂತಿ ಆಫೀಸಿನೋರ ಥರ ನಾನಿಲ್ಲಿ ಟಕಟಕ ಕೀ ಕುಟ್ಟಿದ್ರೆ ಚಿಕ್ಕಬಳ್ಳಾಪುರದಲ್ಲಿ ನಮ್ಮ ಸೋದರಮಾವ ತನ್ನ ಸೆಟ್ಟಿನ ಮುಂದೆ ಕೂತು ಬರ್ಕೋತಾನೆ. ನನ್ನ ಸೆಟ್ಟು ಯುದ್ಧದ ಕಾಲದ್ದು, ನಮ್ಮಜ್ಜಿಗಿಂತ ಭಾರ, ಅವಳಷ್ಟೇ ಗೊಣಗುತ್ತೆ.

ಹೋದ ವರ್ಷ ಮಳೆ ಹಿಡೀತು ನೋಡಿ, ಕಪ್ಪೆಗಳೂ ಛತ್ರಿ ಹುಡುಕ್ತಿದ್ವು. ಜಂಗಮಕೋಟೆ ಆಚೆ ಒಂದು ಹಳ್ಳೀಲಿ ಕೆರೆ ಏರಿ ಜಿನುಗ್ತಿತ್ತು. ಟೆಲಿಫೋನ್ ಕಂಬಗಳು ಮಲಗಿಬಿಟ್ಟಿದ್ವು. ಅಮಲ್ದಾರರು ನನಗೆ ಹೇಳಿಕಳಿಸಿದ್ರು. ಸೆಟ್ಟು, ಲಾರಿ ಬ್ಯಾಟರಿ, ನಾನು, ಮೂರೂ ಎತ್ತಿನ ಗಾಡೀಲಿ ಹೋದ್ವಿ. ದಾರೀಲಿ ಸಿಕ್ಕೋರಿಗೆಲ್ಲಾ ಕೈ ಬೀಸ್ತಿದ್ದೆ, ಮಂತ್ರಿ ಥರ.

ಒಂದು ರೇಷ್ಮೆ ಮನೆ ಜಗಲೀಲಿ ಸೆಟ್ಟಿಟ್ಟು, ಏರಿಯಲ್ ತಂತಿ ಬೇವಿನ ಮರಕ್ಕೆ ಕಟ್ದೆ. ಮನೆಯಮ್ಮ ನನ್ನ ಕೈ ಹಿಡಿದು ಮೂಸಿ ನೋಡಿದ್ರು. ಹೊಗೆಸೊಪ್ಪಿನ ವಾಸನೆ ತಗಲಿದ್ರೆ ಹುಳ ಸತ್ತೇಹೋಗುತ್ತಂತೆ. ಪಾಪ, ಅವರ ಯಜಮಾನರು ಹೊಗೆಸೊಪ್ಪು ಹಾಕ್ತಾರೆ ಅಂತ, ಹುಳದ ಮೊಟ್ಟೆ ಒಡೆದಾಗಿನಿಂದ ಅವರನ್ನ ದನದ ಕೊಟ್ಟಿಗೇಲೇ ಇಟ್ಟಿದ್ರು. ಹಸು ಪಕ್ಕ ಊಟ, ಹಸು ಪಕ್ಕ ನಿದ್ದೆ. ಇನ್ನೊಂದು ವಾರ ಬಿಟ್ಟಿದ್ರೆ ಅವರೂ ಹಾಲು ಕೊಡ್ತಿದ್ರೋ ಏನೋ.

ಒಳಗೆ ಬಿದಿರಿನ ತಟ್ಟೆಗಳ ತುಂಬಾ ಹುಳ. ನಾಲ್ಕನೇ ಜ್ವರ, ಅಂದ್ರೆ ಕೊನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದಿದ್ವು, ಇನ್ನೇನು ಗೂಡು ಕಟ್ಟಬೇಕು. ಸೊಪ್ಪು ಮೇಯೋ ಸದ್ದು ಹೊರಗಿನ ಮಳೆಗಿಂತ ಜೋರಾಗಿತ್ತು. ಆ ಮನೆಗೆ ವರ್ಷದ ಆಸರೆ ಅಂದ್ರೆ ಅದೇ.

ಊರು ಖಾಲಿ ಮಾಡಿ ಅಂತ ಹುಕುಂ ಆಯ್ತು. ಮರಳು ಚೀಲ ಕೇಳ್ದೆ, ಜನಕ್ಕೆ ಲಾರಿ ಕೇಳ್ದೆ. ಆಗ ಆಯಮ್ಮ ಹತ್ರ ಬಂದು, "ನಮ್ಮ ಹುಳಕ್ಕೂ ಒಂದು ಲಾರಿ ಕೇಳಪ್ಪ" ಅಂದ್ರು. ಸುತ್ತ ಇದ್ದೋರು ನಕ್ಕರು. ನಾನು ಕೇಳೇಬಿಟ್ಟೆ. ಮಾವ ಅಲ್ಲೆಲ್ಲೋ ಅಲೆದು, ಖಾಲಿ ಲಾರಿ ಸಿಕ್ತು, ಚೆನ್ನಾಗಿ ತೊಳೆಸಿ ಕಳಿಸಿದೀನಿ ಅಂತ ಉತ್ತರ ಕುಟ್ದ. ನಾನು ಎದೆ ಉಬ್ಬಿಸಿದ್ದಕ್ಕೆ ಅಂಗಿ ಗುಂಡಿ ಕಿತ್ತು ಕೆರೇಗೇ ಬಿತ್ತು ಅನ್ಕೊಳ್ಳಿ.

ಲಾರಿ ಬಂತು. ಮೊದಲನೇ ತಟ್ಟೆ ಹೊತ್ತು ತಂದ ಆಯಮ್ಮ ಹಿಂದಿನ ಹಲಗೆ ಹತ್ರ ನಿಂತುಬಿಟ್ರು.

"ಇದರಾಗೆ ಏನು ಹೇರಿದ್ದೆ, ಭಾಯ್?"

ಡ್ರೈವರ್ ಸಾಬರು ಒಳ್ಳೇ ಮನುಷ್ಯ. ಸುಳ್ಳು ಹೇಳಲಿಲ್ಲ. "ಚಿಂತಾಮಣಿಯಿಂದ ಹೊಗೆಸೊಪ್ಪು, ಅಮ್ಮ. ತೊಳೆದಿದೀನಿ, ನೋಡಿ."

"ನಿನ್ನ ಮೂಗಿಗೆ ತೊಳೆದಿದೀಯಾ. ಹುಳಕ್ಕೆ ತೊಳೆದಿಲ್ಲ."

ಬೇರೆ ಲಾರಿ ಕೇಳ್ದೆ. ಇಲ್ಲ ಅಂತ ಮಾವ. ಗಾಡಿಗಳೆಲ್ಲಾ ಮುದುಕರು, ಮಕ್ಕಳನ್ನ ಹೇರ್ಕೊಂಡು ಹೊರಟಿದ್ವು. ನೀರು ಅಂಗಳಕ್ಕೆ ಬಂದಿತ್ತು. ಆಯಮ್ಮ ಒಂದು ಸಲ ಏರಿ ಕಡೆ ನೋಡಿದ್ರು, ಒಂದು ಸಲ ತಟ್ಟೆ ಕಡೆ. ಆಮೇಲೆ ಮನೇಲಿದ್ದ ಕಂಬಳಿ, ಸೀರೆ, ಎಲ್ಲಾ ಲಾರಿ ಒಳಗೆ ಹಾಸಿ, ಅದರ ಮೇಲೆ ತಟ್ಟೆ ಜೋಡಿಸಿದ್ರು. ಯಜಮಾನರು ಮಾತ್ರ ದೂರದಲ್ಲೇ ನಿಂತಿದ್ರು, ಹತ್ರ ಬರೋಕೆ ಹೆದರಿ.

ಮರಳು ಚೀಲ ಸರಿಯಾದ ಹೊತ್ತಿಗೆ ಬಂತು. ಏರಿ ಒಡೀಲಿಲ್ಲ. ಅಮಲ್ದಾರರು ಎಲ್ಲರೆದುರಿಗೇ ನನ್ನ ಬೆನ್ನು ತಟ್ಟಿದ್ರು. ನೀರು ಆ ಮನೆ ಹೊಸಿಲೂ ದಾಟಿರಲಿಲ್ಲ, ಒಳಗಿನ ನೆಲ ಒಣಗೇ ಇತ್ತು.

ಹುಳ ಮಾತ್ರ ಶಿಡ್ಲಘಟ್ಟ ಮುಟ್ಟೋ ಹೊತ್ತಿಗೇ ಹಸಿರು ನೀರು ಕಕ್ಕಿ ಮುದುರ್ಕೊಂಡಿದ್ವು.

ಇಲ್ಲೂ ಏನಾದ್ರೂ ನಗೋ ಮಾತು ಸೇರಿಸಣ ಅಂತ ಬಹಳ ಹುಡುಕ್ದೆ. ಸಿಗಲಿಲ್ಲ. ಮನೇಲೇ ಬಿಟ್ಟಿದ್ರೆ ಉಳೀತಿತ್ತು ಅಂತ ಈಗ ಯಾರು ಬೇಕಾದ್ರೂ ಹೇಳಬಹುದು. ಖಾಲಿ ತಟ್ಟೆ ಹೊತ್ತು ಊರಿಗೆ ವಾಪಸ್ ಬಂದ ಆಯಮ್ಮ ಯಾರನ್ನೂ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು. ನಾನು ಸೆಟ್ಟು ಗಾಡಿಗೇರಿಸುವಾಗ ಬೆಲ್ಲದ ಕಾಫಿ ತಂದುಕೊಟ್ಟು, "ಇನ್ನೊಂದು ಸಲ ಲಾರಿ ಕೇಳೋವಾಗ, ಏನು ಹೇರಿದ್ದು ಅಂತ ಕೇಳಪ್ಪ" ಅಂದ್ರು, ಅಷ್ಟೇ. ಅವತ್ತು ರಾತ್ರಿ ಯಜಮಾನರು ಮನೆಯೊಳಗೆ ಮಲಗಬಹುದಾಗಿತ್ತು. ಕೊಟ್ಟಿಗೆಗೇ ಹೋದ್ರಂತೆ.

ಭಾನುವಾರ ನಾನೂ ಮಾವನೂ ಸೆಟ್ಟು ಪರೀಕ್ಷೆ ಮಾಡ್ತೀವಿ. ಲಾರಿ ಸಿದ್ಧ ಅಂತ ಅವನು ಸುಮ್ನೆ ಅಭ್ಯಾಸಕ್ಕೆ ಕುಟ್ತಾನೆ. ಏನು ಹೇರಿದ್ದು ಅಂತ ನಾನು ಕೇಳ್ತೀನಿ. ವಿಚಾರಿಸಿ ಹೇಳ್ತೀನಿ ತಡಿ ಅಂತ ಅವನು ನಿಧಾನವಾಗಿ ಕುಟ್ತಾನೆ.