ನೋವಿಲ್ಲ ಎಂದವರ ರಕ್ತ

ಪೂನಂ ಹೋದ ಸೋಮವಾರ ಸಂಜೆ ತೀರಿಕೊಂಡಳು. ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿಯೊಂದು ಅವಳ ಸ್ಕೂಟಿಗೆ ಹೊಡೆಯಿತು.

ಕೊಹಿನೂರ ಎಂಬ ಹಳ್ಳಿಯವಳು. ಬಸವಕಲ್ಯಾಣದ ಕಾಲೇಜಿನಲ್ಲಿ ನನ್ನ ಬೆಂಚಿನವಳು. ತಿಂಗಳಿಗೊಮ್ಮೆ ತಲೆ ತಗ್ಗಿಸಿ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ವರ್ಷಗಟ್ಟಲೆ ಗುಳಿಗೆ ನುಂಗಿದ ಮೇಲೆ, ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡಿದಾಗಲಷ್ಟೇ ಅದು ಎಂಡೊಮೆಟ್ರಿಯೋಸಿಸ್ ಎಂದು ತಿಳಿಯಿತು. ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದು ಮುಟ್ಟಿನಲ್ಲಿ ವಿಪರೀತ ನೋಯಿಸುವ ಕಾಯಿಲೆ. ಬರೀ ರಕ್ತ ನೋಡಿ ಇದನ್ನು ಹೇಳುವಂತಾಗಬೇಕು ಎಂಬ ಹಟ ಆಗ ಹುಟ್ಟಿತು. ಹುಮನಾಬಾದಿನ ಔಷಧ ಕಾರ್ಖಾನೆಯ ಕೆಲಸ ಬಿಟ್ಟು, ಈ ಕಾಯಿಲೆಯ ಗುರುತಾಗುವ ಪ್ರೋಟೀನು ಹುಡುಕುವ ತಂಡ ಸೇರಿದಳು.

ಕಾಯಿಲೆಯವರ ರಕ್ತ ಆಸ್ಪತ್ರೆಯಿಂದ ಬರುತ್ತಿತ್ತು. ಹೋಲಿಕೆಗೆಂದು ಕಾಯಿಲೆಯಿಲ್ಲದವರ ರಕ್ತವನ್ನು ಹಳ್ಳಿಗಳಲ್ಲಿ ಅವಳು ತೆಗೆಯುತ್ತಿದ್ದಳು. ಮುಟ್ಟಾದಾಗ ನೋವಿದೆಯೇ ಎಂದು ಕೇಳಿ, ಇಲ್ಲ ಎಂದವರದ್ದನ್ನು ಮಾತ್ರ. ಕೊನೆಗೆ ನೋಡಿದರೆ ಎರಡೂ ಗುಂಪಿನ ಪ್ರೋಟೀನು ಹೆಚ್ಚುಕಡಿಮೆ ಒಂದೇ. ಕೆಲಸ ನಿಲ್ಲಿಸುವ ಮಾತು ಬಂತು.

ಆಗಲೇ ಒಮ್ಮೆ ಅವಳ ಜೊತೆ ನಾನೂ ನಿರ್ಣಾ ಹಳ್ಳಿಗೆ ಹೋಗಿದ್ದೆ. ನೋವಿಲ್ಲ ಎಂದು ರಕ್ತ ಕೊಟ್ಟಿದ್ದ ಉಮಾದೇವಿ, ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೊತ್ತಿಕೊಂಡು ಮಲಗಿದ್ದಳು.

"ನೋವಿಲ್ಲ ಅಂದಿದ್ರಲ್ಲಕ್ಕಾ?" ಎಂದಳು ಪೂನಂ.

"ಇದ್ಯಾವ ನೋವು ತಂಗಿ? ತಿಂಗಳಿಂದು. ಎಲ್ಲಾರಿಗೂ ಇರ್ತದ. ನೋವದ ಅಂದ್ರ ನಮ್ಮತ್ತಿ 'ನಾ ಏಳು ಹಡದೀನಿ' ಅಂತ ಕುಣೀತಾಳ."

ಹೊರಗೆ ಬಂದವಳೇ ಪೂನಂ ಹಣೆ ಬಡಿದುಕೊಂಡಳು. "ಮಹಜಬೀನ್, ಎರಡೂ ಗುಂಪು ನಾನೇ ಕಲಸಿಬಿಟ್ಟೀನಿ!"

ಅಂದಿನಿಂದ ಬಾಯಿಮಾತು ನಂಬಲಿಲ್ಲ. ಮಕ್ಕಳು ಸಾಕೆಂದು ಆಪರೇಷನ್ನಿಗೆ ಬರುವ ಹೆಂಗಸರ ಹೊಟ್ಟೆಯೊಳಗೆ ಡಾಕ್ಟರು ಹೇಗೂ ದುರ್ಬೀನು ಹಾಕುತ್ತಾರೆ. ಅವರ ಒಪ್ಪಿಗೆ ಪಡೆದು ಮೊದಲೇ ರಕ್ತ ತೆಗೆದಳು; ಒಳಗೆ ಕಲೆ, ಗಂಟು ಇವೆಯೇ ನೋಡಿ ಹೇಳಿರೆಂದು ಡಾಕ್ಟರನ್ನು ಕೇಳಿಕೊಂಡಳು. ಕಂಡವರು ಒಂದು ಗುಂಪು, ಕಾಣದವರು ಇನ್ನೊಂದು. ಈ ಸಲ ಮೊದಲ ಗುಂಪಿನ ರಕ್ತದಲ್ಲಿ ಮೂರು ಪ್ರೋಟೀನುಗಳು ಎದ್ದು ಕಂಡವು. ಯಾವುದು ಯಾವ ಗುಂಪಿನದೆಂದು ಹೇಳದೆ ರಕ್ತದ ಹೊಸ ಸೀಸೆಗಳನ್ನು ಬೇರೊಂದು ಲ್ಯಾಬಿಗೆ ಕಳಿಸಿದರು.

ಹೋದ ಸೋಮವಾರ ಬೆಳಿಗ್ಗೆ ಉತ್ತರ ಬಂತು. ದುರ್ಬೀನು ಕಂಡದ್ದನ್ನೇ ರಕ್ತವೂ ಬಹುತೇಕ ತಪ್ಪದೆ ಹೇಳಿತ್ತು. ಇನ್ನೂ ಸಾವಿರಾರು ಜನರಲ್ಲಿ ಪರೀಕ್ಷಿಸಬೇಕು. ಆದರೆ ದಾರಿ ಸಿಕ್ಕಿತ್ತು.

ಪೇಢಾ ತಗೊಂಡು ಕೊಹಿನೂರದ ಹಿಟ್ಟಿನ ಗಿರಣಿಗೆ ಹೋದೆವು.

"ಮದ್ವಿ ಗಟ್ಟಿ ಆತೇನ?" ಎಂದಳು ಸಾಲಿನಲ್ಲಿದ್ದ ಸುಂದರಬಾಯಿ.

"ಅದಕ್ಕಿಂತ ದೊಡ್ಡದು ಚಿಗವ್ವ!" ಗಿರಣಿಯ ಸದ್ದಿಗೂ ಮೇಲಾಗಿ ಪೂನಂ ಕೂಗಿದಳು. "ಮುಟ್ಟಿನ ನೋವು ನಾಟಕ ಅಲ್ಲ. ರಕ್ತದಾಗ ಕಾಣ್ತದ!"

ಗಂಡಸರು ತಮ್ಮ ತಮ್ಮ ಚೀಲ ನೋಡಿಕೊಂಡರು. ಹೆಂಗಸರು ನಕ್ಕು ಕೈಚಾಚಿದರು. ಸುಂದರಬಾಯಿ ಎರಡು ಪೇಢಾ ತಗೊಂಡಳು.

"ಚಾ ಕುಡದ್ ಹೋಗ" ಎಂದೆ.

"ಬ್ಯಾರೆ ಊರಾಗೂ ಹೇಳಬೇಕು" ಎಂದು, ಉಳಿದ ಪೇಢಾ ಸೀಟಿನ ಕೆಳಗಿಟ್ಟು ಸ್ಕೂಟಿಯನ್ನು ಹುಮನಾಬಾದಿನ ಕಡೆ ತಿರುಗಿಸಿದಳು.