ಪುಟ್ಟಿಯನ್ನು ಕರೆತರಲು ಹೋದ ಸಂಜೆ

ನಂಬುವುದಾದರೆ ನಂಬಿ, ಬಿಡುವುದಾದರೆ ಬಿಡಿ. ದೆವ್ವದ ಕಥೆ ಕಟ್ಟುವ ಚಪಲವೂ ನನಗಿಲ್ಲ, ಪುರುಸೊತ್ತೂ ಇಲ್ಲ. ಜಪಾನಿನ ಕಾವಾಸಾಕಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರುವವಳು ನಾನು, ಸಾಕ್ಷಿ ಇಲ್ಲದೆ ಏನನ್ನೂ ಒಪ್ಪದವಳು. ಆದರೆ ಕಳೆದ ಚಳಿಗಾಲದ ಆ ಮಂಗಳವಾರ ಈ ಎರಡು ಕಿವಿಯಲ್ಲೇ ಕೇಳಿದ್ದನ್ನು ಹೇಗೆ ಅಲ್ಲಗಳೆಯಲಿ?

ಪುಟ್ಟಿ ನಮ್ಮ ನಾಯಿ. ಕಂದು ಬಣ್ಣ, ಆರು ವರ್ಷ. ನನಗೂ ನನ್ನ ಗಂಡ ರಘುವಿಗೂ ಮಕ್ಕಳಿಲ್ಲ, ಹಾಗಾಗಿ ಮನೆಯಲ್ಲಿ ಅವಳೇ ಮಗಳು, ನಾನೇ ಅಮ್ಮ. ನಗುವವರು ನಗಿ. ಅವತ್ತು ಅವಳಿಗೆ ಸ್ನಾನ ಮಾಡಿಸಿ, ಕೆಂಪು ಸ್ವೆಟರ್ ಹಾಕಿ, ಕೊರಳಪಟ್ಟಿಯನ್ನು ಒಣಗಲು ಇಟ್ಟಿದ್ದೆ. ನಗರದವರು ಕೊಟ್ಟ ನೋಂದಣಿ ಬಿಲ್ಲೆ ಅದರಲ್ಲೇ ಇತ್ತು. ಪಾರ್ಸೆಲ್‌ನವನಿಗೆ ಬಾಗಿಲು ತೆಗೆದೆ... ಅಷ್ಟೇ, ಕಾಲಸಂದಿಯಲ್ಲಿ ನುಸುಳಿ ಓಡಿಹೋದಳು.

ಇಲ್ಲಿ ನಾಯಿ ಕಳೆದರೆ ಮೊದಲು ಪೊಲೀಸ್ ಚೌಕಿಗೆ ಹೋಗಬೇಕು. ಕಾನೂನಿನ ಪ್ರಕಾರ ಅದು ಕಳೆದುಹೋದ ವಸ್ತು, ಕೊಡೆಗಿರುವ ನಿಯಮವೇ ನಾಯಿಗೂ. ಆಮೇಲೆ ನಗರದ ಪ್ರಾಣಿ ಕೇಂದ್ರಕ್ಕೆ ಫೋನ್ ಮಾಡಬೇಕು. ಬೀದಿಯಲ್ಲಿ ಸಿಕ್ಕಿದ್ದನ್ನು ಅವರು ತಂದಿಟ್ಟುಕೊಂಡು, ಫೋಟೊ ಸಮೇತ ವೆಬ್‌ಸೈಟಿಗೆ ಹಾಕಿ ಕೆಲವು ದಿನ ಕಾಯುತ್ತಾರೆ. ಗಡುವಿನೊಳಗೆ ಮನೆಯವರು ಬರದಿದ್ದರೆ ಅದು ಬೇರೆಯವರ ಪಾಲು. ಅಷ್ಟು ಓದಿದವಳೇ ಕೇಂದ್ರಕ್ಕೆ ಫೋನ್ ಮಾಡಿದೆ.

ಫೋನ್ ಎತ್ತಿದವರು ಮೊರಿ ಸಾನ್ ಎಂಬ ವಯಸ್ಸಾದ ಸಿಬ್ಬಂದಿ. ನನ್ನ ಜಪಾನಿ ಭಾಷೆಯೋ, ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳುವಷ್ಟು. ಅವರ ಭಾಷೆಯಲ್ಲಿ ಪ್ರಾಣಿಗಳನ್ನು ಎಣಿಸುವ ಪದವೇ ಬೇರೆ, ಮನುಷ್ಯರನ್ನು ಎಣಿಸುವ ಪದವೇ ಬೇರೆ. ಒಂದು ನಾಯಿಗೆ 'ಇಪ್ಪಿಕಿ' ಅನ್ನಬೇಕು. ನಾನು ಗಾಬರಿಯಲ್ಲಿ 'ಹಿತೊರಿ' ಅಂದೆ. ಅಂದರೆ ಒಬ್ಬ ಮನುಷ್ಯ. ಹೆಣ್ಣು, ಆರು ವರ್ಷ, ಕೆಂಪು ಸ್ವೆಟರ್, ಹೆಸರು ಪುಟ್ಟಿ, ಕತ್ತಲೆಂದರೆ ಭಯ, ಕರೆದರೆ ಬರುತ್ತಾಳೆ ಎಂದೆಲ್ಲ ಹೇಳಿದೆ.

"ಹಿತೊರಿ?" ಎಂದು ಮೊರಿ ಸಾನ್ ಮೆಲ್ಲಗೆ ಮತ್ತೆ ಕೇಳಿದರು. ಅರ್ಥವಾಗದಿದ್ದಾಗ ನಮ್ಮವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. "ಹೈ, ಹೈ" ಎಂದು ಒಪ್ಪಿಕೊಂಡುಬಿಟ್ಟೆ.

ನಾಲ್ಕೂವರೆಗೆ ಅವರದೇ ಫೋನ್ ಬಂತು. ನೀವು ಹೇಳಿದ್ದು ಸಿಕ್ಕಿದೆ, ಬನ್ನಿ ಅಂದರು. ರಘು ಇನ್ನೂ ಬೀದಿ ಬೀದಿ ಸುತ್ತಿ ಹುಡುಕುತ್ತಿದ್ದ. ಅವನಿಗೊಂದು ಮೆಸೇಜ್ ಹಾಕಿ ಒಬ್ಬಳೇ ಹೊರಟೆ.

ಚಳಿಗಾಲದಲ್ಲಿ ಇಲ್ಲಿ ಐದಕ್ಕೆಲ್ಲ ಕತ್ತಲು. ಕೇಂದ್ರದ ಕೆಲಸದ ಹೊತ್ತು ಮುಗಿದು ದೀಪಗಳೆಲ್ಲ ಆರಿದ್ದವು, ಮೊರಿ ಸಾನ್ ಮಾತ್ರ ನನಗಾಗಿ ಕಾದಿದ್ದರು. ಫಿನಾಯಿಲ್ ವಾಸನೆ, ಒದ್ದೆ ಕೂದಲಿನ ವಾಸನೆ... ಕಾರಿಡಾರಿನ ಎರಡೂ ಬದಿಯ ಗೂಡುಗಳಲ್ಲಿ ನಾಯಿಗಳಿದ್ದವು. ಒಂದೂ ಬೊಗಳಲಿಲ್ಲ. ಹಿಂದಿನ ಗೋಡೆಗೆ ಒತ್ತಿಕೊಂಡು, ಎಲ್ಲವೂ ಕೊನೆಯ ಬಾಗಿಲಿನ ಕಡೆಗೇ ನೋಡುತ್ತಿದ್ದವು.

ಆ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗಲೇ ಮೊರಿ ಸಾನ್ ನಿಂತುಬಿಟ್ಟರು. ಕೀಲಿಯನ್ನು ನನ್ನ ಕೈಗಿತ್ತು, ಬಂದಾಗಿನಿಂದ ಏನೂ ತಿಂದಿಲ್ಲ, ನಮ್ಮ ಮಾತು ತಿಳಿಯುವುದಿಲ್ಲವೇನೋ, ನೀವೇ ಕರೆಯಿರಿ ಅಂದರು.

ಬಾಗಿಲ ಹತ್ತಿರ ಹೋಗಿ ಕೀಲಿ ತೂರಿಸಿದೆ. "ಪುಟ್ಟೀ... ಬಾ ಚಿನ್ನ."

ಒಳಗಿನಿಂದ ಸಣ್ಣ ದನಿ ಬಂತು.

"ಬಂದೇ ಅಮ್ಮಾ."

ಕನ್ನಡ. ಅಪ್ಪಟ ಕನ್ನಡ... ಹಿಂದೆಯೇ ಬರಿಗಾಲಿನ ಪಟಪಟ ಸದ್ದು ಬಾಗಿಲವರೆಗೂ ಬಂದು ನಿಂತಿತು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ರಘು.

"ಎಲ್ಲಿದೀಯ? ಪುಟ್ಟಿ ಸಿಕ್ಕಿದ್ಲು ಕಣೆ. ಪಾರ್ಕಿಂಗ್ ಹಿಂದೆ ಅಡಗಿಕೊಂಡಿದ್ಲು. ಈಗ ನನ್ನ ತೊಡೆ ಮೇಲೇ ಮಲಗಿದಾಳೆ."

ಬಾಗಿಲ ಆಚೆಯ ಉಸಿರಾಟ ನನಗೆ ಕೇಳುತ್ತಿತ್ತು.

"ಬಾಗ್ಲು ತೆಗಿಯಮ್ಮಾ. ಇಲ್ಲಿ ಕತ್ಲು."

ನಾನು ತೆಗೆಯಲಿಲ್ಲ. ಕೀಲಿಯನ್ನು ಅಲ್ಲೇ ಬಿಟ್ಟು, ಇದು ನಮ್ಮದಲ್ಲ, ಸುಮಿಮಾಸೆನ್, ಸುಮಿಮಾಸೆನ್ ಎಂದು ತೊದಲುತ್ತಾ ಕ್ಷಮೆ ಕೇಳಿ ಓಡಿದೆ. ಮೊರಿ ಸಾನ್ ತಡೆಯಲಿಲ್ಲ. ಶುಕ್ರವಾರದವರೆಗೆ ಕಾಯುತ್ತೇವೆ ಎಂದಷ್ಟೇ ಹೇಳಿದರು.

ಯಾರೋ ಕೆಲಸದವರ ಮಗು ಇರಬೇಕು ಬಿಡು ಅಂದ ರಘು. ಕನ್ನಡದಲ್ಲಾ ಎಂದು ಕೇಳಿದೆ. ಮರುದಿನದಿಂದ ನಾನು ಗಂಟೆಗೊಮ್ಮೆ ಆ ವೆಬ್‌ಸೈಟ್ ತೆರೆದು ನೋಡತೊಡಗಿದೆ. ಹೆಣ್ಣು, ಸುಮಾರು ಆರು ವರ್ಷ, ಕೆಂಪು ಸ್ವೆಟರ್ ಎಂದು ಬರೆದಿತ್ತು. ಫೋಟೊದಲ್ಲಿ ಮಡಿಸಿಟ್ಟ ಕಂಬಳಿ ಮಾತ್ರ ಇತ್ತು. ಭಯವಾಯಿತು, ಇಲ್ಲವೆನ್ನಲಾರೆ. ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಅದು ಏನೇ ಆಗಿರಲಿ, ನನ್ನನ್ನು ಅಮ್ಮಾ ಎಂದು ಕರೆದಿತ್ತು, ನಾನು ಅದನ್ನು ಕತ್ತಲಲ್ಲಿ ಬಿಟ್ಟು ಬಂದಿದ್ದೆ.

ಶುಕ್ರವಾರ ಮಧ್ಯಾಹ್ನ ಆ ಸಾಲು ಮಾಯವಾಗಿತ್ತು. ಧೈರ್ಯ ಮಾಡಿ ಫೋನ್ ಮಾಡಿದೆ. ಮೊರಿ ಸಾನ್ ದನಿಯಲ್ಲಿ ಅವತ್ತು ನಿರಾಳವಿತ್ತು.

"ಬೆಳಿಗ್ಗೆ ನೀವೇ ಬಂದು ಕರೆದುಕೊಂಡು ಹೋದಿರಲ್ಲ. ನಿಮ್ಮನ್ನು ನೋಡಿ ಎಷ್ಟು ಖುಷಿಯಾಯಿತು ಆ ಮಗುವಿಗೆ."

ಅವತ್ತು ಬೆಳಿಗ್ಗೆ ಎಂಟರಿಂದ ನಾನು ಆಫೀಸಿನಲ್ಲಿದ್ದೆ. ಮೀಟಿಂಗ್‌ನಲ್ಲಿದ್ದ ಹನ್ನೆರಡು ಜನ ಅದಕ್ಕೆ ಸಾಕ್ಷಿ.

ಆಮೇಲೆ ನಾನು ಅಲ್ಲಿಗೆ ಫೋನ್ ಮಾಡಿಲ್ಲ. ಆದರೆ ಸಂಜೆ ಸ್ಟೇಷನ್‌ನ ಗುಂಪಿನಲ್ಲಿ ಕೆಂಪು ಸ್ವೆಟರ್ ಕಂಡರೆ ಸಾಕು, ಅದನ್ನು ತೊಟ್ಟ ಮಗುವಿನ ಕೈ ಹಿಡಿದವಳ ಮುಖ ನೋಡಲು ಓಡುತ್ತೇನೆ. ಹೇಳಲು ನಾಚಿಕೆಯಾಗುತ್ತದೆ... ಆಗ ನನಗಾಗುವುದು ಬರೀ ಭಯವಲ್ಲ, ಹೊಟ್ಟೆಕಿಚ್ಚು.