ಆರೂವರೆ ಸರಪಳಿ ದೂರ

ಮರೆವು ನನ್ನ ಹಳೆಯ ರೋಗ. ಛತ್ರಿ, ಕನ್ನಡಕ, ಹೆಂಡತಿ ತರಲು ಹೇಳಿದ ಉಪ್ಪು, ಯಾವುದನ್ನೂ ನಾನು ಮರೆಯದೆ ಬಿಟ್ಟವನಲ್ಲ. ಆದರೆ ಒಬ್ಬ ಮನುಷ್ಯನನ್ನು ಹೊಲದಲ್ಲಿ ನಿಲ್ಲಿಸಿ ಮರೆತದ್ದು ಒಂದೇ ಸಲ. ಅವನ ಹೆಸರು ಗಾದೆಪ್ಪ.

೧೯೫೧ರ ಮಾತು. ನಾನು ಕುರುಗೋಡಿನಲ್ಲಿ ವಿಜ್ಞಾನದ ಮೇಷ್ಟ್ರು. ಕಾಲುವೆಯ ಸರ್ವೆಯವರು ಊರ ಹೊರಗೆ ಡೇರೆ ಹಾಕಿದ್ದರು. ಗಾದೆಪ್ಪ ಅಲ್ಲಿ ನೆಲ ಅಳೆಯುವ ಸರಪಳಿಯ ಮುಂದಿನ ತುದಿ ಹಿಡಿಯುವವನು. ನೂರಡಿ ಸರಪಳಿ ಎಳೆದುಕೊಂಡು ಹೋಗಿ, ಕೆಂಪು ಬಾವುಟ ಹಿಡಿದು, ಈ ತುದಿಯ ಓವರ್‌ಸೀಯರು ಕೈ ಬೀಸುವವರೆಗೆ ಕದಲದೆ ನಿಲ್ಲುವುದು ಅವನ ಕೆಲಸ. ಹದಿನೈದು ವರ್ಷ ಅದನ್ನೇ ಮಾಡಿದ್ದ. ನೂರಡಿ ಆಚೆ ಇರುವವನ ಜೊತೆ ಯಾರು ಮಾತಾಡುತ್ತಾರೆ? ಡೇರೆಯಲ್ಲೂ ಒಬ್ಬನೇ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದ.

ಅವನ ಹೆಂಡತಿ ಉಚ್ಚೆಂಗೆಮ್ಮ ಸಿರುಗುಪ್ಪದ ಕಡೆ ದೇಶನೂರಿನ ತವರಿನಲ್ಲಿದ್ದಳು. ಇದ್ದೊಂದು ಕೂಸು ತೀರಿಕೊಂಡ ಮೇಲೆ ಅವಳನ್ನು ಅಲ್ಲಿ ಬಿಟ್ಟು ಬಂದು ಏಳು ವರ್ಷವಾಗಿತ್ತು. ಆಕೆ ಬಾ ಎಂದು ಹೇಳಿಕಳಿಸಲಿ ಎಂದು ಕಾಯುತ್ತಿದ್ದ. ಭಾನುವಾರ ಸಿರುಗುಪ್ಪದ ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆ ವರ್ಷ ಪರಮಾಣುವಿನ ಪಾಠವಿತ್ತು. ಪುಸ್ತಕದ ಚಿತ್ರದಲ್ಲಿ ನ್ಯೂಕ್ಲಿಯಸ್ಸು ನಿಂಬೆಹಣ್ಣಿನಷ್ಟು, ಎಲೆಕ್ಟ್ರಾನು ಅಲ್ಲಿಂದ ಒಂದು ಗೇಣು. ಶುದ್ಧ ಸುಳ್ಳು! ಮಕ್ಕಳಿಗೆ ನಿಜವಾದ ಅಳತೆ ತೋರಿಸಿಯೇ ತೀರುತ್ತೇನೆಂದು ಹಟ ಹಿಡಿದು, ಒಂದು ಶನಿವಾರ ಬೆಳಿಗ್ಗೆ ಓವರ್‌ಸೀಯರನ್ನು ಕೇಳಿ ಗಾದೆಪ್ಪನನ್ನೂ ಸರಪಳಿಯನ್ನೂ ಕರೆತಂದೆ.

ಶಾಲೆಯ ಕಟ್ಟೆಯ ಮೇಲೆ ಒಂದು ಜೋಳದ ಕಾಳು ಇಟ್ಟೆ. ಇದು ನ್ಯೂಕ್ಲಿಯಸ್ಸು ಎಂದೆ. ಪ್ರೋಟಾನು, ನ್ಯೂಟ್ರಾನು ಎರಡೂ ಇದರೊಳಗೇ ಒತ್ತಿಕೊಂಡಿವೆ, ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಇಲ್ಲೇ ಇದೆ. ಇದು ಕಾಳಿನಷ್ಟಾದರೆ ಎಲೆಕ್ಟ್ರಾನು ಎಲ್ಲಿರಬೇಕು? ಸರಪಳಿಯ ಹಿಂದಿನ ತುದಿ ನಾನೇ ಹಿಡಿದು, ಕೊಯ್ಲಾದ ಜೋಳದ ಹೊಲದಲ್ಲಿ ಆರೂವರೆ ಸರಪಳಿ ಅಳೆದು, ಗಾದೆಪ್ಪನನ್ನು ಅಲ್ಲಿ ನಿಲ್ಲಿಸಿ ಬಂದೆ. ಕಟ್ಟೆಯಿಂದ ಅವನು ಉಗುರಿನಷ್ಟು ಕಾಣುತ್ತಿದ್ದ.

ನಡುವೆ ಏನಿದೆ ಎಂದು ಒಬ್ಬ ಹುಡುಗಿ ಕೇಳಿದಳು. ಏನೂ ಇಲ್ಲ, ಗಾಳಿಯೂ ಇಲ್ಲ ಎಂದೆ. ಮತ್ತೆ ಅದು ಯಾಕೆ ಬಿಟ್ಟು ಹೋಗುವುದಿಲ್ಲ ಎಂದಳು. ಪ್ರೋಟಾನಿನದು ಧನ ವಿದ್ಯುತ್ತು, ಎಲೆಕ್ಟ್ರಾನಿನದು ಋಣ, ಒಂದನ್ನೊಂದು ಸೆಳೆಯುತ್ತವೆ, ಆ ಸೆಳೆತಕ್ಕೆ ಹಗ್ಗ ಬೇಡ ಎಂದೆ. ಎಲೆಕ್ಟ್ರಾನು ಸುತ್ತುತ್ತಲೇ ಇರುತ್ತದೆ, ನಮ್ಮ ಗಾದೆಪ್ಪ ಮಾತ್ರ ನಿಂತುಬಿಟ್ಟಿದ್ದಾನೆ ಎಂದಾಗ ಮಕ್ಕಳು ನಕ್ಕರು. ಪಾಠ ಚೆನ್ನಾಗಿ ಬಂತೆಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಹನ್ನೊಂದಕ್ಕೆ ಗಂಟೆ ಹೊಡೆಯಿತು. ಮಕ್ಕಳು ಓಡಿದರು, ನಾನು ಮನೆಗೆ ಹೋಗಿ ಉಂಡು ಮಲಗಿದೆ.

ಐದಕ್ಕೆ ಮರೆತ ಛತ್ರಿಗಾಗಿ ಶಾಲೆಗೆ ಬಂದರೆ ಹೊಲದಾಚೆ ಕೆಂಪು ಬಾವುಟ. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬಿಸಿಲಿಗೆ ಅವನ ತುಟಿ ಒಡೆದಿತ್ತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು. ಅವನ ಮೇಲೇ ರೇಗಿದೆ.

"ಸಾಲಿ ಬಿಟ್ಟಿದ್ದು ಕಾಣಲಿಲ್ಲೇನು? ನೀನಾ ಬಂದುಬಿಡಬಾರದಿತ್ತೇನೋ?"

"ನೀವು ಕೈ ಬೀಸಲಿಲ್ಲಲ್ರಿ, ಮೇಷ್ಟ್ರ."

"ಕೈ ಬೀಸಬೇಕಂತ ನನಗೇನು ಗೊತ್ತೋ?"

ಬಾವುಟ ಸುತ್ತುತ್ತಿದ್ದವನ ಕೈ ನಿಂತಿತು. ಆಕೆಗೂ ಗೊತ್ತಿರಲಿಕ್ಕಿಲ್ಲ ಎಂದು ತನ್ನಷ್ಟಕ್ಕೇ ಗೊಣಗಿದ. ಮರುದಿನ ಸಿರುಗುಪ್ಪದ ಬಸ್ಸು ಹತ್ತಿದ.

ಸೋಮವಾರ ಒಬ್ಬನೇ ಬಂದ. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಡೆದದ್ದು ಹೇಳಿದ. ಉಚ್ಚೆಂಗೆಮ್ಮ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳಂತೆ. ಇವನನ್ನು ಕಂಡು ಅಳಲಿಲ್ಲ, ಬೈಯಲೂ ಇಲ್ಲ. ಬಿಟ್ಟುಹೋದವನೇ ಬರಲಿ ಎಂದು ಅವಳೂ ನಾಲ್ಕು ವರ್ಷ ದಾರಿ ನೋಡಿದ್ದಳಂತೆ. ಆಮೇಲೆ ನೋಡುವುದನ್ನೇ ಬಿಟ್ಟಳಂತೆ.

"'ನಾ ಕರೀಬೇಕಿತ್ತೇನ್ರಿ?' ಅಂದ್ಲು. ಅಷ್ಟಾ."

ಊಟಕ್ಕಾದರೂ ಹಾಕಿದಳೇ ಎಂದು ಕೇಳಿದೆ.

"ಹಾಕಿದ್ಲು, ಮೇಷ್ಟ್ರ. ಪಡಸಾಲ್ಯಾಗ ಚಾಪಿ ಹಾಸಿ, ಬೀಗರಿಗೆ ಹಾಕಿದಂಗ. ಉಂಡ ಮ್ಯಾಲೆ, ಬಸ್ಸು ತಪ್ಪೀತು ಹೊಂಡ್ರಿ ಅಂತ ಆಕೀನ ಹೇಳಿದ್ಲು."



ಆ ವಾರವೇ ಸರ್ವೆ ಮುಂದಕ್ಕೆ ಸಾಗಿತು. ಹೊರಡುವ ದಿನ ಶಾಲೆಯ ಕಟ್ಟೆಯಿಂದ ನೋಡಿದೆ. ಸರಪಳಿಯ ತುದಿಯಲ್ಲಿ ಬಾವುಟ ಹಿಡಿದು ನಿಂತಿದ್ದ. ನಾನು ಕೈ ಬೀಸಿದೆ. ಅವನು ಕಾಯುತ್ತಿದ್ದದ್ದು ನನ್ನ ಕೈಗಲ್ಲ ಎಂದು ಗೊತ್ತಿದ್ದೂ, ತೋಳು ಸೋಲುವವರೆಗೆ ಬೀಸಿದೆ.